ಅಕ್ಕನ ಅಂಗಡಿಮನೆ

ನಮ್ಮ ಶಿಕಾರಿಪುರ ಸೀಮೆಯ ಅಂಬ್ಲಿಗೊಳದ ಕಡೆ ಮನೆ ಅಂಗಡಿಯಾಗುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಜಗಲಿಯ ಮೇಲೆ ಎರಡು ಗಾಜಿನ ಡಬ್ಬಿ ಇಟ್ಟು, ತೊಲೆಗೆ ಶಾಂಪೂ ಪೊಟ್ಟಣದ ಸರ ಇಳಿಬಿಟ್ಟರೆ ಮುಗಿಯಿತು. ಗಿರಾಕಿ ಬಂದರೆ ಒಳಗಿಂದ ಯಾರೋ ಕೈ ಒರೆಸಿಕೊಳ್ಳುತ್ತಾ ಬರುತ್ತಾರೆ, ಬರದಿದ್ದರೆ ಗಿರಾಕಿಯೇ ದುಡ್ಡಿಟ್ಟು ಬೆಂಕಿಪೊಟ್ಟಣ ಒಯ್ಯುತ್ತಾನೆ. ಅಂಗಡಿಯೇ ಮನೆಯಾಗುವ ಚಂದ ನೋಡಬೇಕಾದರೆ ಮಾತ್ರ ಲಂಡನ್ನಿಗೆ ಹೋಗಬೇಕು. ನಮ್ಮ ಅಕ್ಕ, ಭಾವ ಅಲ್ಲಿ ಅಂಥದೊಂದು ಅಂಗಡಿಯೊಳಗೆ ಸಂಸಾರ ಹೂಡಿದ್ದಾರೆ.

ಅದು ಪೇಪರು, ಹಾಲು, ಸಿಗರೇಟು ಮಾರುತ್ತಿದ್ದ ಬೀದಿ ಮೂಲೆಯ ಅಂಗಡಿ. ಇಟ್ಟುಕೊಂಡಿದ್ದವರು 1972ರಲ್ಲಿ ಈದಿ ಅಮೀನ್ ಉಗಾಂಡದಿಂದ ಓಡಿಸಿದಾಗ ಬಂದ ಗುಜರಾತಿ ಯಜಮಾನರು. ಬ್ರಿಟನ್ನಿನ ಎಷ್ಟೋ ಬೀದಿಗಳ ಇಂಥ ಅಂಗಡಿಗಳ ಕಥೆ ಇದೇ: ಅಪ್ಪ ಬೆಳಗಿನ ಜಾವ ಶಟರ್ ಎತ್ತಿ ಎತ್ತಿ ಮಕ್ಕಳನ್ನು ಡಾಕ್ಟರು, ಅಕೌಂಟೆಂಟು ಮಾಡುತ್ತಾನೆ, ಓದಿದ ಮಕ್ಕಳಿಗೆ ಶಟರ್ ಎತ್ತುವುದು ಬೇಡ. ಅಷ್ಟರಲ್ಲಿ ಸೂಪರ್ ಮಾರ್ಕೆಟ್ಟೂ ಆನ್‌ಲೈನೂ ಸೇರಿ ವ್ಯಾಪಾರವನ್ನು ನುಂಗಿರುತ್ತವೆ. ಹಾಗೆ ಮುಚ್ಚಿದ ಅಂಗಡಿಯನ್ನು ಭಾವ ಮನೆ ಮಾಡಿಕೊಳ್ಳಲೆಂದು ಸಾಲ ಮಾಡಿ ಕೊಂಡರು.

ಇಂಗ್ಲೆಂಡಿನಲ್ಲಿ ಸರ್ಕಾರ 2021ರ ಆಗಸ್ಟ್ 1ರಿಂದ ಒಂದು ಸವಲತ್ತು ಕೊಟ್ಟಿದೆ. ಕ್ಲಾಸ್ ಎಂಎ ಅಂತ ಅದರ ಹೆಸರು. ಅದರ ಪ್ರಕಾರ ಅಂಗಡಿ, ಆಫೀಸುಗಳನ್ನು ವಾಸದ ಮನೆ ಮಾಡಲು ಪೂರಾ ಯೋಜನಾ ಅನುಮತಿ ಬೇಡ, ಮುಂಗಡ ಒಪ್ಪಿಗೆ ಸಾಕು. 56 ದಿನದೊಳಗೆ ಕೌನ್ಸಿಲ್ ಉತ್ತರ ಕೊಡದಿದ್ದರೆ ಒಪ್ಪಿದಂತೆಯೇ ಲೆಕ್ಕ. ಈ ಒಂದು ನಿಯಮ ಊರಿಗೆ ಬಂದರೆ ನಮ್ಮ ಭಾವನ ಅಣ್ಣನ ಕೊಟ್ಟಿಗೆಗೂ ಖಾತೆ ಆಗಿಹೋಗುತ್ತದೆ.

ಭಾವ ಕುಣಿದಾಡಿ ಅರ್ಜಿ ಹಾಕಿದರು. ಆಗಿನ ನಿಯಮದಲ್ಲಿ ಅಂಗಡಿ ಅರ್ಜಿಗೆ ಮುಂಚೆ ಮೂರು ತಿಂಗಳು ಖಾಲಿ ಬಿದ್ದಿರಬೇಕಿತ್ತು. 2024ರ ಮಾರ್ಚಿನಲ್ಲಿ ಆ ಷರತ್ತು ಹೋಯಿತು, ಆದರೆ ಭಾವ ಯಾವತ್ತೂ ರಿಯಾಯಿತಿ ಮಾರಾಟದ ಹಿಂದಿನ ದಿನವೇ ಸಾಮಾನು ತರುವ ಜಾತಕದವರು. ಮೂರು ತಿಂಗಳು ಖಾಲಿ ಅಂಗಡಿಗೆ ಸಾಲದ ಕಂತು ಕಟ್ಟಿದರು. ಪ್ರವಾಹದ ಅಪಾಯ ಉಂಟೋ ಇಲ್ಲವೋ ಎಂದೂ ತಿಳಿಸಬೇಕಿತ್ತು. ಅಂಬ್ಲಿಗೊಳ ಡ್ಯಾಮಿನ ಕೆಳಗಿನ ಗದ್ದೆಯಲ್ಲಿ ಆಡಿ ಬೆಳೆದವರಿಗೆ ಈ ಪ್ರಶ್ನೆ ಕೇಳಿ ಅವಮಾನವೇ ಆಯಿತು.

ನಿಜವಾದ ಮಜಾ ಕಿಟಕಿಯದು. ವಾಸದ ಕೋಣೆಗಳಿಗೆಲ್ಲ ಸಾಕಷ್ಟು ಸಹಜ ಬೆಳಕು ಬರಲೇಬೇಕು ಅನ್ನುತ್ತದೆ ನಿಯಮ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಮಲಗುವ ಕೋಣೆ ಮಾಡೋಣವೆಂದರೆ ಅಲ್ಲಿ ಕಿಟಕಿಯೇ ಇಲ್ಲ. ಇಡೋಣವೆಂದರೆ ಕ್ಲಾಸ್ ಎಂಎ ಬಳಕೆ ಬದಲಿಸಲು ಮಾತ್ರ, ಹೊರಗೋಡೆ ಒಡೆಯಲು ಅಲ್ಲ. ಅದಕ್ಕೆ ಬೇರೆ ಅರ್ಜಿ. ಅಂದರೆ ಅಂಗಡಿಯನ್ನು ಮನೆ ಮಾಡಲು ಪೂರಾ ಅನುಮತಿ ಬೇಡ, ಕಿಟಕಿಗೆ ಬೇಕು. ಕಿಟಕಿ ಇಲ್ಲದಿದ್ದರೆ ಮನೆಯೇ ಇಲ್ಲ. ಭಾವ ಎರಡನೇ ಅರ್ಜಿ ಬರೆಯುತ್ತಿದ್ದಾಗ ಅಕ್ಕ, "ರೀ, ಗೋದಾಮಿನಲ್ಲಿ ಬಚ್ಚಲು ಮಾಡಿ, ಅದಕ್ಕೆ ಬೆಳಕಿನ ಕಾಟ ಇಲ್ಲವಲ್ಲ" ಅಂದಳು. ಬಚ್ಚಲು ವಾಸದ ಕೋಣೆಯಲ್ಲ ಎಂಬುದು ಅವಳಿಗೆ ಹೊಳೆದಿತ್ತು, ಆರ್ಕಿಟೆಕ್ಟಿಗೆ ಹೊಳೆದಿರಲಿಲ್ಲ. ಪಕ್ಕದ ಓಣಿಯ ಕಡೆ ಹಳೆಯ ಕಿಟಕಿಯಿದ್ದ ಮೂಲೆ ಮಲಗುವ ಕೋಣೆಯಾಯಿತು.

ನಿಯಮದ ಪ್ರಕಾರ ಇಬ್ಬರಿಗೆ ಒಂದು ಮಲಗುವ ಕೋಣೆಯ ಮನೆಯೆಂದರೆ ಕನಿಷ್ಠ 50 ಚದರ ಮೀಟರ್, ಸುಮಾರು 540 ಚದರ ಅಡಿ. ಅದರೊಳಗೆ ಸಾಮಾನಿಡಲು ಒಂದೂವರೆ ಚದರ ಮೀಟರ್. ಊರಿಂದ ಅಮ್ಮ ಬಂದಿಳಿದ ದಿನವೇ ಆ ಒಂದೂವರೆ ಮೀಟರ್ ಅಪ್ಪೆಮಿಡಿ ಉಪ್ಪಿನಕಾಯಿಗೆ ಸಂದುಹೋಯಿತು. ಮನೆಯನ್ನೆಲ್ಲ ಒಂದು ಸುತ್ತು ನೋಡಿ ಅಮ್ಮ, "ಅಳಿಯಂದ್ರೆ, ಅಂಗಡಿ ನೋಡಿದ್ದಾಯ್ತು. ಮನೆ ಎಲ್ಲಿದೆ?" ಅಂದಳು. ಒಗ್ಗರಣೆಗೆ ಅಲಾರಂ ಕೂಗಿದ ಪ್ರಸಂಗವೂ ನಡೆಯಿತು. ಅದನ್ನು ಹೊರನಾಡ ಕನ್ನಡಿಗರೆಲ್ಲ ಹೇಳಿ ಹಳಸಿಟ್ಟಿದ್ದಾರೆ, ಬಿಡಿ.

ಬೀದಿ ಕಡೆಯ ದೊಡ್ಡ ಗಾಜು ಹಾಗೇ ಉಳಿದಿತ್ತು. ಹಾಲ್‌ಗೆ ಬೆಳಕು ಬರುವುದೇ ಅಲ್ಲಿಂದ. ಭಾವ ಗಾಜಿನ ಕೆಳಭಾಗಕ್ಕೆ ಮಬ್ಬು ಹಾಳೆ ಅಂಟಿಸಿದ್ದರು. ಲಂಡನ್ನಿನಲ್ಲಿ ಬಿಸಿಲು ಬರುವ ಜಾಗ ಇದೊಂದೇ ಎಂದು ಅಮ್ಮ ಪತ್ತೆ ಮಾಡಿ, ಹಾಳೆ ಕಿತ್ತು, ಹಲಸಿನ ಹಪ್ಪಳ, ಮಜ್ಜಿಗೆ ಮೆಣಸು ಹರವಿದಳು. ಶಿಕಾರಿಪುರದ ಕಡೆ ಮೆಕ್ಕೆಜೋಳಕ್ಕೆ ಟಾರು ರಸ್ತೆಯನ್ನೇ ಬಿಡದ ಜನ, ಗಾಜು ಬಿಡುತ್ತಾರೆಯೇ? ಸಾಲಾಗಿ ಜೋಡಿಸಿದ ಹಪ್ಪಳ ನೋಡಿದವರಿಗೆ ಅಂಗಡಿ ಮತ್ತೆ ತೆರೆದಿದೆ ಅನ್ನಿಸದೆ ಇನ್ನೇನು! ಒಬ್ಬಾಕೆ ಒಳಗೇ ಬಂದು ಬೆಲೆ ಕೇಳಿದಳು. ಇನ್ನೊಂದು ದಿನ ಅಮ್ಮ, ಅಕ್ಕ, ಭಾವ ಮೂವರೂ ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಸ್ಥಾಪಿಸಿದ ಬಸವಣ್ಣನ ಪುತ್ಥಳಿಗೆ ಕೈಮುಗಿದು ಮನೆಗೆ ಬಂದರೆ, ಬಾಗಿಲಲ್ಲಿ ಇಬ್ಬರು ಹಾಲಿಗೆ ಕಾದು ನಿಂತಿದ್ದರು.

ಪೇಪರ್ ಕೇಳಿಕೊಂಡು ಬಂದ ಬಿಳಿಯ ಅಜ್ಜನೊಬ್ಬನ ವಿಷಯ ಬೇರೆ. ಅಂಗಡಿ ಮುಚ್ಚಿದೆ ಎಂದು ಭಾವ ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ಅಮ್ಮ ಕನ್ನಡದಲ್ಲಿ ಕೂರಿಸಿ ಕಾಫಿ ಕೊಟ್ಟಾಗಿತ್ತು. ಈಗ ಆತ ತಾನೇ ಪೇಪರ್ ತರುತ್ತಾನೆ. ಅವನ ಜೊತೆಗೆ ಮೇಲಿನ ಫ್ಲಾಟಿನ ಪೋಲಿಷ್ ಹುಡುಗಿಯೂ ಬಂದು ಕೂರುತ್ತಾಳೆ. ಕೌನ್ಸಿಲ್‌ನ ನಕ್ಷೆಯಲ್ಲಿ ಅದು ಹಾಲ್. ಅಮ್ಮನ ಬಾಯಲ್ಲಿ ಜಗಲಿ. ಮೊನ್ನೆ ಊರಿಗೆ ಫೋನ್ ಮಾಡಿದಾಗ ಹೇಳಿದಳಂತೆ: "ಅಂಗಡಿ ಚೆನ್ನಾಗಿ ನಡೀತಿದೆ ಕಣೋ, ದುಡ್ಡೊಂದು ಬರ್ತಿಲ್ಲ."

ನಿಮಗೂ ಅಲ್ಲಿ ಅಂಗಡಿ ಕೊಂಡು ಮನೆ ಮಾಡುವ ಹುಕಿ ಇದ್ದರೆ ಒಂದು ಮಾತು: ಮುಂಗಡ ಕೊಡುವ ಮೊದಲು ಹಿಂದಿನ ಕೋಣೆಗೆ ಕಿಟಕಿ ಇದೆಯೋ ನೋಡಿ. ಅಮ್ಮನನ್ನು ಕರೆಸುವುದಾದರೆ ಬಾಗಿಲಿಗೊಂದು ಒಳಚಿಲಕವನ್ನೂ ಹಾಕಿಸಿ. ಅವಳು ಅದನ್ನು ಹಾಕುವುದಿಲ್ಲ, ಅದು ಬೇರೆ ಮಾತು.