ಬೋಂಡನ ಅಟ್ಯಾಚ್ಡ್ ಬಾತ್‌ರೂಮು

ಅಮೆರಿಕದಲ್ಲಿ ನಾಯಿಮರಿ ತಂದವರಿಗೆಲ್ಲ ಮೊದಲು ಉಪದೇಶವಾಗುವ ಮಂತ್ರ ಇದು: ನಾಯಿ ತಾನು ಮಲಗುವ ಜಾಗವನ್ನು ಹೊಲಸು ಮಾಡಿಕೊಳ್ಳುವುದಿಲ್ಲ, ಆದ್ದರಿಂದ ಕ್ರೇಟಿನಲ್ಲಿ ಮಲಗಿಸಿ. ನಮ್ಮ ಮೂರು ತಿಂಗಳ ಲ್ಯಾಬ್ರಡಾರ್ ಬೋಂಡನಿಗೆ ಈ ಉಪದೇಶ ಆಗಿರಲಿಲ್ಲ. ಮಿನಿಯಾಪೊಲಿಸ್‌ನ ಜನವರಿ, ಹೊರಗೆ ಮೈನಸ್ 20. ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಕ್ರೇಟಿನ ಈಶಾನ್ಯ ಮೂಲೆಯಲ್ಲಿ ಅಭಿಷೇಕ ಮುಗಿದಿರುತ್ತಿತ್ತು.

"ಹೋಗಿ ಹೋಗಿ ದೇವಮೂಲೆಯಲ್ಲೇ!" ಎಂದು ತುಮಕೂರಿನಿಂದ ಆಗಷ್ಟೇ ಬಂದಿಳಿದಿದ್ದ ಅತ್ತೆ ನೊಂದುಕೊಂಡರು.

ತಪ್ಪು ಬೋಂಡನದಲ್ಲ. "ಬೆಳೆಯೋ ಮಗು, ದೊಡ್ಡದೇ ಇರಲಿ" ಎಂದು ನನ್ನ ಯಜಮಾನರು ಕರು ಕಟ್ಟುವಷ್ಟು ದೊಡ್ಡ ಕ್ರೇಟು ತಂದಿದ್ದರು. ಮರಿಗೆ ನಿಲ್ಲಲು, ತಿರುಗಲು, ಮಲಗಲು ಆಗುವಷ್ಟೇ ಜಾಗವಿರಬೇಕು. ಹೆಚ್ಚಾದರೆ ಈ ಕಡೆ ಬೆಡ್‌ರೂಮು, ಆ ಕಡೆ ಅಟ್ಯಾಚ್ಡ್ ಬಾತ್‌ರೂಮು. ಕ್ರೇಟಿನ ಜೊತೆ ಬಂದಿದ್ದ ಅಡ್ಡತಟ್ಟಿ ಮಾತ್ರ ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಕೂಡ ಬಿಚ್ಚಿಸಿಕೊಳ್ಳದೆ ಕೂತಿತ್ತು. ಅದನ್ನು ತಂದು ಸಿಕ್ಕಿಸಿದ್ದಾಯಿತು.

ಒರೆಸುವುದರಲ್ಲೂ ಯಜಮಾನರದೇ ಸ್ವಂತ ವಿಜ್ಞಾನ: ಅಮೋನಿಯ ಬೆರೆತ ಕ್ಲೀನರು. ಮೂತ್ರದ ವಾಸನೆಯೂ ಹೆಚ್ಚುಕಡಿಮೆ ಅದೇ ಆದ್ದರಿಂದ, ಬೋಂಡ ಅದನ್ನು ಮರುಆಹ್ವಾನ ಎಂದೇ ತಿಳಿದ. ಎನ್‌ಜೈಮ್ ಕ್ಲೀನರು ಬಂದ ಮೇಲಷ್ಟೇ ಆ ಮೂಲೆಯ ಮಹಿಮೆ ಇಳಿದದ್ದು.

ಉಳಿದದ್ದು ರಾತ್ರಿ ಪಾಳಿ. ಮರಿಯ ವಯಸ್ಸಿನ ತಿಂಗಳಿಗೆ ಒಂದು ಕೂಡಿಸಿದರೆ ಎಷ್ಟಾಗುತ್ತದೋ, ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಂಡೀತು. ಅಲ್ಲಿಗೆ ರಾತ್ರಿ ಎರಡಕ್ಕೆ ಯಾರಾದರೂ ಏಳಲೇಬೇಕು. ಯಜಮಾನರಿಗೆ ಬೆಳಿಗ್ಗೆ ಮೀಟಿಂಗು. ನಾಯಿಯ ಪೂರ್ತಿ ಜವಾಬ್ದಾರಿ ತನ್ನದೆಂದು ಆಣೆಯಿಟ್ಟಿದ್ದ ಮಗಳಿಗೆ ಗಾಢನಿದ್ರೆ. ಎಚ್ಚರವಿದ್ದವರು ಅತ್ತೆ ಒಬ್ಬರೇ. ಅವರ ದೇಹಕ್ಕೆ ಅದಿನ್ನೂ ತುಮಕೂರಿನ ಮಧ್ಯಾಹ್ನ ಒಂದೂವರೆ.

ಸೀರೆಯ ಮೇಲೆ ಮಗನ ಜಾಕೆಟ್ಟು, ತಲೆಗೆ ಮಂಕಿ ಕ್ಯಾಪು, ಕಾಲಿಗೆ ಸ್ನೋ ಬೂಟು. ಮಡಿಯನ್ನು ಮನೆಯೊಳಗೇ ಬಿಟ್ಟು ಬೋಂಡನನ್ನು ಹಿಮದಲ್ಲಿ ನಿಲ್ಲಿಸಿ, ಮಕ್ಕಳು ಮೊಮ್ಮಕ್ಕಳನ್ನೆಲ್ಲ ಪಳಗಿಸಿದ್ದ ಆ ಹಳೆಯ ಸ್ವರ ಹೊರಡಿಸಿದರು: "ಸ್ಸ್ಸ್ಸ್…" ಬೋಂಡ ಧನ್ಯನಾದ. ತಕ್ಷಣ ಬಿಸ್ಕತ್ತೂ ಸಿಕ್ಕಿತು. ಇಲ್ಲಿನ ತರಬೇತುದಾರರು ದುಡ್ಡು ತೆಗೆದುಕೊಂಡು ಹೇಳಿಕೊಡುವುದೂ ಇದನ್ನೇ: ಒಂದೇ ಸಂಕೇತ, ಕೆಲಸ ಮುಗಿದ ಕ್ಷಣವೇ ಬಹುಮಾನ, ಆಮೇಲೆ ಬೈಗುಳ ಬೇಡ.

ಆದ್ದರಿಂದ ನಾಯಿಮರಿ ತರಬೇಕೆಂದಿರುವ ಹೊರನಾಡ ಬಂಧುಗಳೇ, ಕ್ರೇಟಿಗಿಂತ ಮೊದಲು ಅತ್ತೆಗೆ ಟಿಕೆಟ್ ತೆಗೆಸಿ. ವಿಸಿಟರ್ ವೀಸಾದವರಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಮರಿ ಪೂರ್ತಿ ಕಲಿಯಲು ಹಿಡಿಯುವುದೂ ನಾಲ್ಕರಿಂದ ಆರು ತಿಂಗಳು.