ಕೇಶಕಪಿಲ ಮೀಮಾಂಸೆ: ನಾಲ್ಕು ತಾಲೂಕುಗಳ ಮದರಂಗಿ ಮತಭೇದಗಳು

1. ವಿಷಯ ಪ್ರವೇಶ

ಮನುಷ್ಯನಿಗೆ ಮುಪ್ಪು ತಪ್ಪಿದ್ದಲ್ಲ. ಅದು ಲಗ್ನದ ಸೀಸನ್ನಿಗೆ ಮುಂಚೆ ಬರಬಾರದೆಂಬುದಷ್ಟೇ ಅವನ ತಕರಾರು. ತಲೆಯನ್ನು ಕಡುಗಪ್ಪು ಮಾಡಿಕೊಂಡರೆ ‘ಬಣ್ಣ ಹಚ್ಚ್ಯಾನ ನೋಡ’ ಎಂದು ಕಟ್ಟೆಯ ಮೇಲಿನವರು ನಗುತ್ತಾರೆ. ಬಿಳಿ ಹಾಗೇ ಬಿಟ್ಟರೆ ಬಸ್ಸಿನಲ್ಲಿ ಹುಡುಗರು ‘ಕೂಡ್ರಿ ಅಜ್ಜಾರ’ ಎಂದು ಎದ್ದು ನಿಲ್ಲುತ್ತಾರೆ. ಸೀಟು ಸಿಕ್ಕ ಸುಖಕ್ಕಿಂತ ಅಜ್ಜನಾದ ದುಃಖವೇ ದೊಡ್ಡದು. ಈ ಎರಡು ಅಪಾಯಗಳ ನಡುವಿನ ಮಧ್ಯಮಮಾರ್ಗಕ್ಕೆ ಶಾಸ್ತ್ರವು ‘ಕಪಿಲ’, ಅಂದರೆ ಕಂದು, ಎಂದು ಹೆಸರಿಟ್ಟಿದೆ. ಪ್ರಸ್ತುತ ಪ್ರಬಂಧದ ಸಮಸ್ಯೆ ಇಷ್ಟೇ: ಕೂದಲು ಕಂದಾಗಬೇಕು, ತುಂಡಾಗಬಾರದು.

ಅಧ್ಯಯನದ ವ್ಯಾಪ್ತಿ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ. ಚಡಚಣ, ಆಲಮೇಲ, ತಾಳಿಕೋಟೆ, ಕೊಲ್ಹಾರ, ನಿಡಗುಂದಿಗಳು ಈಗ ಸ್ವತಂತ್ರ ತಾಲೂಕುಗಳಾಗಿವೆ, ನಿಜ. ಆದರೆ ಹೊಸ ತಾಲೂಕಿಗೊಂದು ಹೊಸ ಮತ ಕೊಡುತ್ತ ಹೋದರೆ ಹಚ್ಚಿ ನೋಡಲು ತಲೆಗಳು ಸಾಲವು. ಆದ್ದರಿಂದ ಹಳೆಯ ನಕಾಶೆಯನ್ನೇ ಹಿಡಿಯಲಾಗಿದೆ.

2. ಪದಾರ್ಥ ವಿಚಾರ

ಮದರಂಗಿ ಎಂದರೆ ಲಾಸೋನಿಯಾ ಇನರ್ಮಿಸ್. ಅದರ ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣ ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಇದು ಬಣ್ಣ ಕೂಡಿಸಬಲ್ಲದು, ಕಳೆಯಲಾರದು. ಹೀಗಾಗಿ ಕರಿ ಕೂದಲನ್ನು ಅದು ಕಂದು ಮಾಡದು, ಬಿಳಿ ಕೂದಲನ್ನು ಕೇಸರಿ ಮಾಡಿಬಿಡುತ್ತದೆ. ‘ಕಾಕಾ, ತಲಿ ಯಾಕ್ರಿ ಹಿಂಗ ಕೆಂಪಗ ಆಗ್ಯಾದ?’ ಎಂಬ ಪ್ರಶ್ನೆಯ ರಸಾಯನಶಾಸ್ತ್ರ ಇಷ್ಟೇ. ಕಂದು ಬರಬೇಕಾದರೆ ಎರಡನೆಯ ಎಲೆಯೊಂದು ಬೇಕು. ಅದು ನೀಲಿ ಗಿಡದ ಎಲೆ, ಇಂಡಿಗೋಫೆರಾ ಟಿಂಕ್ಟೋರಿಯಾ. ಕೇಸರಿಯ ಮೇಲೆ ನೀಲಿ ಕೂತರೆ ಕಂದು, ನೀಲಿ ಹೆಚ್ಚಾದರೆ ಕಪ್ಪು.

3. ಮತಭೇದಗಳು

ಈ ವಿಂಗಡಣೆಗೆ ಆಧಾರವೇನೆಂದು ಕೇಳಬಾರದು. ಪ್ರಬಂಧವೆಂದ ಮೇಲೆ ವಿಂಗಡಣೆ ಇರಬೇಕು.

ಇಂಡಿಯ ಲಿಂಬೆವಾದಿಗಳು: ರಾಜಸ್ಥಾನದ ಸೋಜತ್ ಮೆಹಂದಿಗೆ 2021ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಇಂಡಿ ಲಿಂಬೆಗೂ ಆ ಮಾನ್ಯತೆ ಇದೆ. ಒಂದೇ ಬಟ್ಟಲಲ್ಲಿ ಎರಡು ಜಿಐ ಕೂಡಿದ ಮೇಲೆ ಬಣ್ಣ ಬಾರದೆ ಎಲ್ಲಿಗೆ ಹೋದೀತು ಎಂಬುದು ಇವರ ತರ್ಕ. ಹುಳಿ ಬಿದ್ದರೆ ಬಣ್ಣ ಚೆನ್ನಾಗಿ ಬಿಡುತ್ತದೆ ಎಂಬುದೂ ಖರೆ. ಆದರೆ ಅಭಿಮಾನದ ಭರದಲ್ಲಿ ಇವರು ಡಜನ್ ಹಣ್ಣು ಹಿಂಡುವುದರಿಂದ ತಲೆಗೆ ಬಣ್ಣದ ಜೊತೆ ಉಪ್ಪಿನಕಾಯಿಯ ಯೋಗವೂ ಬಂದು ಕೂದಲು ಒಣಗಿ ಬಿರುಸಾಗುತ್ತದೆ.

ಬಾಗೇವಾಡಿಯ ಮೊಸರುವಾದಿಗಳು: ಕೊಲ್ಹಾರದ ಗಡಿಗೆ ಮೊಸರನ್ನು ರೊಟ್ಟಿಯ ಬದಲು ತಲೆಗೆ ಸುರಿಯುವವರು. ಮೊಸರಿನಿಂದ ಕೂದಲು ಮೆತ್ತಗಾಗುತ್ತದೆ, ಆದರೆ ಬಣ್ಣದಲ್ಲಿ ಒಂದಿಷ್ಟು ಪಾಲನ್ನು ಮೊಸರಿನ ಪ್ರೋಟೀನೇ ನುಂಗುತ್ತದೆ. ಮೊಸರು ಕಂದಾಗಿ ಅಜ್ಜ ಬಿಳಿಯಾಗಿಯೇ ಉಳಿಯುವುದು ಈ ಮತದ ದುರಂತ.

ಸಿಂದಗಿಯ ಕಬ್ಬಿಣವಾದಿಗಳು: ಕಬ್ಬಿಣದ ಬಾಣಲೆಯಲ್ಲಿ ಚಹಾಪುಡಿ ಕುದಿಸಿದ ನೀರು ಹಾಕಿ ಮದರಂಗಿಯನ್ನು ರಾತ್ರಿಯಿಡೀ ನೆನೆಸುತ್ತಾರೆ. ಚಹಾದ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಬೆಳಿಗ್ಗೆ ಬಾಣಲೆ ಕರ್ರಗಾಗಿರುತ್ತದೆ. ಬಾಣಲೆಯ ಬಣ್ಣ ನೋಡಿ ತಲೆಯ ಬಣ್ಣ ಊಹಿಸುವುದೇ ಇವರ ಹೇತ್ವಾಭಾಸ.

ಮುದ್ದೇಬಿಹಾಳದ ಉಭಯವಾದಿಗಳು: ವಿಜಯನಗರ ಸೋತ 1565ರ ಯುದ್ಧ ನಡೆದದ್ದು ತಾಳಿಕೋಟೆಯಲ್ಲೋ ರಕ್ಕಸಗಿ–ತಂಗಡಗಿಯಲ್ಲೋ ಎಂಬ ವಾದ ಕೇಳಿ ಬೆಳೆದವರು ಸುಮ್ಮನಿರುತ್ತಾರೆಯೇ? ಮದರಂಗಿ, ನೀಲಿ ಎರಡನ್ನೂ ಕಲಸಿ ಹಚ್ಚಬೇಕೆನ್ನುವ ಬೆರಕೆ ಪಕ್ಷ, ಇಂದು ಮದರಂಗಿ, ನಾಳೆ ನೀಲಿ ಎನ್ನುವ ಬೇರೆ ಪಕ್ಷ ಎಂದು ಒಡೆದಿದ್ದಾರೆ. ಬೆರಕೆಯಲ್ಲಿ ಕಂದು ಬೇಗ, ಬೇರೆಯಲ್ಲಿ ಬಣ್ಣ ಗಾಢ. ಇಬ್ಬರೂ ಸರಿ. ಹೀಗಾಗಿಯೇ ಜಗಳ ತೀರುವುದಿಲ್ಲ.

4. ಭಂಗ ಪ್ರಕರಣ

ಕೂದಲು ಮುರಿದ ಕೂಡಲೇ ಎಲ್ಲರೂ ಎಲೆಯ ಮೇಲೆ ಕೇಸು ಹಾಕುತ್ತಾರೆ. ವಿಚಾರಣೆಯಲ್ಲಿ ಎಲೆ ಖುಲಾಸೆಯಾಗಿದೆ. ಅಪರಾಧಿಗಳು ಬೇರೆ.

ಮೊದಲನೆಯದು ಬಿಸಿಲು. ಮಾಳಿಗೆ ಹತ್ತಿ, ಏಪ್ರಿಲ್ಲಿನ ಮಧ್ಯಾಹ್ನ ತಲೆ ಒಣಗಿಸಿದರೆ ಲೇಪವು ಡೋಣಿ ನದಿ ದಂಡೆಯ ಎರೆಹೊಲದಂತೆ ಬಿರುಕು ಬಿಟ್ಟು, ಒಂದೊಂದು ಹೆಂಟೆಯೂ ತನ್ನ ಪಾಲಿನ ಕೂದಲನ್ನು ಕಿತ್ತುಕೊಂಡೇ ಉದುರುತ್ತದೆ. ಎರಡನೆಯದು ಹಣಿಗೆ. ಒದ್ದೆ ಕೂದಲು ಹಿಗ್ಗುತ್ತದೆ, ಎಳೆದರೆ ಹರಿಯುತ್ತದೆ, ಆದರೂ ಸಣ್ಣ ಹಲ್ಲಿನ ಹಣಿಗೆಯಿಂದ ಒಮ್ಮೆಲೇ ಬಾಚುವವರಿದ್ದಾರೆ. ಮೂರನೆಯದು ಬೋರಿನ ಸವಳು ನೀರು. ಅದರ ಸುಣ್ಣದಂಶ ಕೂದಲ ಮೇಲೆ ಕೂತು ಒರಟಾಗಿಸುತ್ತದೆ. ನಾಲ್ಕನೆಯದು ‘ಅರ್ಧ ತಾಸಿನಲ್ಲಿ ಕರಿ’ ಮಾಡುವ ಪಾಕೀಟು. ಎಲೆಗೆ ಅಷ್ಟು ಅವಸರ ತಿಳಿಯದು. ಬೇಗ ಕರಿಯಾದರೆ ಒಳಗೆ ಪಿಪಿಡಿ ಎಂಬ ರಾಸಾಯನಿಕ ಇದೆಯೆಂದೇ ಅನುಮಾನಿಸಬೇಕು. ಕೆಲವರಿಗೆ ಅದರಿಂದ ತುರಿಕೆ, ಬಾವು ಬಂದು, ಬೀಗರ ಮನೆಯ ಬದಲು ದವಾಖಾನೆಗೆ ಹೋಗುವ ಪ್ರಸಂಗ ಬರುತ್ತದೆ.

5. ಸಿದ್ಧಾಂತ

ನಾಲ್ಕು ಮತಗಳ ಸಮನ್ವಯ ಹೀಗಿದೆ. ಮದರಂಗಿಯನ್ನು ಚಹಾ ನೀರಿನಲ್ಲಿ, ಒಂದೆರಡು ಚಮಚೆ ಮೊಸರು ಸೇರಿಸಿ ನೆನೆಸು. ನಮ್ಮ ಕಡೆಯ ಬೇಸಿಗೆಯಲ್ಲಿ ರಾತ್ರಿಯಿಡೀ ಬೇಕಿಲ್ಲ, ಎರಡು-ಮೂರು ತಾಸು ಸಾಕು. ನೀಲಿಪುಡಿಯನ್ನು ಹಚ್ಚುವ ಹೊತ್ತಿಗೆ ಸರಿಯಾಗಿ ಬರೀ ನೀರಿನಲ್ಲಿ ಕಲಸು, ಅದಕ್ಕೆ ಹುಳಿ ಆಗಿಬರದು. ಆಮೇಲೆ ಎರಡನ್ನೂ ಕೂಡಿಸು: ಸಮಪಾಲಾದರೆ ಮಧ್ಯಮ ಕಂದು, ನೀಲಿ ಮದರಂಗಿಯ ಅರ್ಧದಷ್ಟಾದರೆ ಕೆಂಪುಗಂದು. ಇದಕ್ಕೆಲ್ಲ ಮುಂಚೆ ಒಂದಿಷ್ಟನ್ನು ಕಿವಿಯ ಹಿಂದೆ ಹಚ್ಚಿ ಎರಡು ದಿನ ಕಾದು ನೋಡಿರಬೇಕು. ಹಚ್ಚಿದ ಮೇಲೆ ತಲೆಗೆ ಬಟ್ಟೆ ಸುತ್ತಿ ನೆರಳಲ್ಲಿ ಕೂಡು, ಒಣಗಿಸಬೇಡ. ತೊಳೆಯುವಾಗ ಸವಳು ನೀರಿದ್ದರೆ ಕೊನೆಯ ತಂಬಿಗೆಗೆ ಇಂಡಿ ಲಿಂಬೆಯ ನಾಲ್ಕು ಹನಿ ಹಾಕು. ಲಿಂಬೆವಾದಿಗಳ ಗೌರವ ಉಳಿಯುವುದು ಇಲ್ಲಿಯೇ. ಅಂದು ಶಾಂಪೂ ಮುಟ್ಟಬೇಡ, ರಾತ್ರಿ ಕೊಬ್ಬರಿ ಎಣ್ಣೆ ಸವರು. ನೀಲಿ ಗಾಳಿಯಲ್ಲಿ ಗಾಢವಾಗಲು ಎರಡು ದಿನ ಬೇಕು. ಆ ಎರಡು ದಿನ ಕನ್ನಡಿ ನೋಡಿ ಹೆದರಬೇಡ. ಮುಂದಿನ ಸಲ ಬುಡಕ್ಕಷ್ಟೇ ಹಚ್ಚು, ತುದಿಗಳನ್ನು ಬಿಡು.

6. ಮುಂದಿನ ಸಂಶೋಧನೆಗೆ

ತಲೆ ಕಂದು, ಮೀಸೆ ಬಿಳಿ, ಹುಬ್ಬು ಅರೆಬೆರೆ ಎಂಬ ತ್ರಿವರ್ಣ ಸಮಸ್ಯೆಯನ್ನು ಈ ಪ್ರಬಂಧ ಬೇಕೆಂದೇ ಮುಟ್ಟಿಲ್ಲ. ಅದಕ್ಕೆ ಪ್ರತ್ಯೇಕ ಪಿಎಚ್‌ಡಿ ಆಗಬೇಕು. ಅರ್ಜಿ ಹಾಕುವವರು ಸ್ವಂತ ಮೀಸೆ ತರತಕ್ಕದ್ದು.