ದೇಶಾವರಿ ನಗೆಗೆ ಜಯವಾಗಲಿ

ಆರತಕ್ಷತೆಯ ಸಾಲಿನಲ್ಲಿ ನಿಂತಾಗ ಊಟದ ಹಾಲಿನತ್ತಲೇ ಕಣ್ಣು ನೆಡಬೇಡಿ ಸ್ವಾಮಿ, ವೇದಿಕೆ ಮೇಲಿನ ಗಂಡು-ಹೆಣ್ಣನ್ನೂ ಒಂಚೂರು ನೋಡಿ. ಇಬ್ಬರ ಬಾಯೂ ಕಿವಿಯವರೆಗೆ ಹಿಗ್ಗಿದೆ. ಕಣ್ಣು ಮಾತ್ರ ‘ಈ ಸಾಲು ಮುಗಿಯೋದು ಯಾವಾಗಪ್ಪಾ’ ಅನ್ನುತ್ತಿದೆ. ನಿಮಗೂ ಅದೇ ನಗೆ, ನಿಮ್ಮ ಹಿಂದಿನವರಿಗೂ ಅದೇ. ಇದಕ್ಕೆ ನಮ್ಮವರಿಟ್ಟ ಹೆಸರು ದೇಶಾವರಿ ನಗೆ.

ದೇಶಾವರ ಅಂದರೆ ಪರಸ್ಥಳ, ಹೊರದೇಶ. ಹೊರಗಿನವರಿಗೆ ಸಲ್ಲಿಸುವ ನಗೆಗೆ ಒಳಗಿನ ಪ್ರೀತಿಯನ್ನೇಕೆ ಖರ್ಚು ಮಾಡಬೇಕು, ಹೇಳಿ! ಇಂಗ್ಲಿಷಿನವರೂ ಸುತ್ತಿ ಬಳಸಿ ದೇಶಾವರಕ್ಕೇ ಬಂದರು. ಪ್ಯಾನ್ ಆ್ಯಮ್ ವಿಮಾನದ ಗಗನಸಖಿಯರ ನಗೆ ನೋಡಿ, ತೋರಿಕೆಯ ನಗೆಗೆಲ್ಲ ‘ಪ್ಯಾನ್ ಆ್ಯಮ್ ಸ್ಮೈಲ್’ ಎಂದು ನಾಮಕರಣ ಮಾಡಿದರು. 1991ರಲ್ಲಿ ಕಂಪನಿ ಮುಚ್ಚಿತು. ನಗೆ ಇನ್ನೂ ಹಾರಾಡುತ್ತಿದೆ. ಅವರ ‘ಸ್ಮರ್ಕ್’ ಕತೆ ಇನ್ನೂ ಪಾಪದ್ದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ನಗು ಅಂತಷ್ಟೇ ಅರ್ಥ. ಆಮೇಲೆ ‘ಸ್ಮೈಲ್’ ಬಂದು ಮರ್ಯಾದೆಯ ಜಾಗದಲ್ಲಿ ಕೂತಿತು, ‘ಸ್ಮರ್ಕ್’ ಕೊಂಕುನಗೆಯ ಚಾಕರಿಗೆ ಬಿತ್ತು. ಆ ‘ಸ್ಮೈಲ್’ ಬೇರೆ ಯಾರೂ ಅಲ್ಲ, ಸಂಸ್ಕೃತದ ‘ಸ್ಮಿತ’ಕ್ಕೆ ದೂರದ ದಾಯಾದಿ.

ಸ್ಮಿತ ಅಂದಾಗ ಭರತಮುನಿ ನೆನಪಾಗುತ್ತಾನೆ. ನಾಟ್ಯಶಾಸ್ತ್ರದಲ್ಲಿ ಆತ ನಗೆಯನ್ನು ಆರು ಬಗೆ ಮಾಡಿದ. ಮೊದಲನೆಯದಾದ ಸ್ಮಿತದಲ್ಲಿ ಹಲ್ಲು ಕಾಣಕೂಡದೆಂದ. ಗಣೇಶನ ಹಬ್ಬದ ಫ್ಲೆಕ್ಸ್‌ಗಳಲ್ಲಿ ಕೈಮುಗಿದು 32 ಹಲ್ಲೂ ತೋರಿಸುವ ಮರಿ ನಾಯಕರನ್ನು ನೋಡಿದ್ದರೆ ಏಳನೆಯ ಅಧಿಕಪ್ರಸಂಗ ಬಗೆಯೊಂದನ್ನು ಸೇರಿಸುತ್ತಿದ್ದನೋ ಏನೋ!

ಕಳ್ಳನಗೆ ಹಿಡಿಯುವ ಪತ್ತೇದಾರಿ ಕೆಲಸ ಮಾಡಿದವನು ಫ್ರಾನ್ಸಿನ ವೈದ್ಯ ಡುಷೆನ್. ಜನರ ಮುಖದ ಸ್ನಾಯುಗಳಿಗೆ ವಿದ್ಯುತ್ ಮುಟ್ಟಿಸಿ, ಫೋಟೊ ಹಿಡಿದು, 1862ರಲ್ಲಿ ಪುಸ್ತಕವನ್ನೇ ತಂದ. ತುಟಿಯನ್ನು ಮೇಲೆಳೆಯುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಕಣ್ಣಿನ ಸುತ್ತಲಿನದು ಮನಸ್ಸು ಅರಳಿದರೆ ಮಾತ್ರ ಏಳುತ್ತದೆ ಎಂದ. ವೇದಿಕೆಯ ಮದುಮಕ್ಕಳು ಸಿಕ್ಕಿಬಿದ್ದದ್ದು ಅಲ್ಲೇ!

ಹಾಗಂತ ದೇಶಾವರಿ ನಗೆಯನ್ನು ಹೀಗಳೆಯಬೇಡಿ. ಬಾಡಿಗೆ ಏರಿಸಲು ಬಂದ ಮನೆ ಮಾಲೀಕರ ಎದುರು, ‘ದಪ್ಪಗಾಗಿದ್ದೀಯಲ್ಲೋ’ ಎನ್ನುವ ಸೋದರತ್ತೆಯ ಎದುರು, ಅದೇ ಜೋಕನ್ನು ಮತ್ತೆ ಹೇಳುವ ಮೇಲಧಿಕಾರಿಯ ಎದುರು ಮಾನ ಕಾಯುವುದು ಅದೊಂದೇ. ಧಾರಾಳವಾಗಿ ಬಳಸಿ. ಹೆಂಡತಿಯ ಅಥವಾ ಗಂಡನ ಮುಂದೆ ಮಾತ್ರ ಬೇಡ. ಅವರು ಡುಷೆನ್‌ನನ್ನು ಓದದೆಯೇ ನೇರ ಕಣ್ಣಿಗೇ ಕೈ ಹಾಕುತ್ತಾರೆ.